ಟಿಫಿನ್ ಆಯ್ತಾ?

ರಾಜಾಜಿನಗರದ ನಮ್ಮ ಮನೇಲಿ 'ಟಿಫಿನ್' ಅನ್ನೋ ಒಂದೇ ಪದಕ್ಕೆ ಮೂರು ಅರ್ಥ. ಬೆಳಿಗ್ಗೆ ಎಂಟಕ್ಕೆ ಅಮ್ಮ "ಟಿಫಿನ್ ಆಯ್ತಾ?" ಅಂದ್ರೆ ಉಪ್ಪಿಟ್ಟು ತಿಂದ್ಯಾ ಅಂತ. ಎಂಟೂವರೆಗೆ "ಟಿಫಿನ್ ಇಟ್ಕೊಂಡ್ಯಾ?" ಅಂದ್ರೆ ಮಧ್ಯಾಹ್ನದ ಊಟ. ಸಂಜೆ "ಟಿಫಿನ್ ತೆಗಿ, ತೊಳೀಬೇಕು" ಅಂದ್ರೆ ಖಾಲಿ ಸ್ಟೀಲ್ ಡಬ್ಬಿ.

ಇಂಗ್ಲೆಂಡಿನಲ್ಲಿ ಈ ಪದದ ಬಳಕೆ ಹೆಚ್ಚುಕಡಿಮೆ ನಿಂತೇಹೋಗಿದೆ. ಹುಟ್ಟಿದ್ದು ಮಾತ್ರ ಅಲ್ಲಿನ ಆಡುಮಾತಿನಲ್ಲೇ. ಫ್ರಾನ್ಸಿಸ್ ಗ್ರೋಸ್ 1785ರಲ್ಲಿ ಪ್ರಕಟಿಸಿದ ಬೀದಿಮಾತಿನ ನಿಘಂಟಿನಲ್ಲಿ 'ಟಿಫಿಂಗ್' ಅಂದರೆ ಹೊತ್ತಲ್ಲದ ಹೊತ್ತಿನಲ್ಲಿ ತಿನ್ನೋದು, ಕುಡಿಯೋದು. ಜಗಳವಾಡೋದು ಅಂತಲೂ ಇದೆ! ಭಾರತಕ್ಕೆ ಬಂದ ಇಂಗ್ಲಿಷರು ಮಧ್ಯಾಹ್ನದ ಹಗುರ ಊಟವನ್ನು ಟಿಫಿನ್ ಅಂದರು. 1886ರ 'ಹಾಬ್ಸನ್-ಜಾಬ್ಸನ್' ನಿಘಂಟು ಕೊಡೋದೂ ಅದೇ ಅರ್ಥ.

ನಮ್ಮ ಬಾಯಿಗೆ ಬಂದಮೇಲೆ ಅದು ಬೆಳಿಗ್ಗೆಗೂ ಸಂಜೆಗೂ ಸರಿಯಿತು. ಅನ್ನ-ಸಾರು ಊಟ, ಇಡ್ಲಿ, ದೋಸೆ, ಉಪ್ಪಿಟ್ಟು ಟಿಫಿನ್. ಶನಿವಾರ ಒಪ್ಪತ್ತು ಮಾಡ್ತಿದ್ದ ನಮ್ಮಜ್ಜಿ "ರಾತ್ರಿ ಊಟ ಇಲ್ಲಪ್ಪ, ಬರೀ ಟಿಫಿನ್" ಅಂತ ಎರಡು ತಟ್ಟೆ ಉಪ್ಪಿಟ್ಟು ಮುಗಿಸೋರು.

ಹೋಟೆಲುಗಳ ಹೆಸರಲ್ಲೂ ಅದು ಉಳಿದಿದೆ. 1924ರಲ್ಲಿ ಬ್ರಾಹ್ಮಿನ್ ಕಾಫಿ ಕ್ಲಬ್ ಆಗಿ ಶುರುವಾದದ್ದೇ ಆಮೇಲೆ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂಟಿಆರ್ ಆಯಿತು. ಮಲ್ಲೇಶ್ವರದ ಸೆಂಟ್ರಲ್ ಟಿಫಿನ್ ರೂಮ್‌ಗೆ ಈಗ ಶ್ರೀ ಸಾಗರ್ ಅಂತ ಹೆಸರು. ಆದರೆ ಬೆಣ್ಣೆ ಮಸಾಲೆಗೆ ಕಾಯೋರ ಬಾಯಲ್ಲಿ ಇವತ್ತಿಗೂ ಸಿಟಿಆರ್.

ಹೋದ ತಿಂಗಳು ಗ್ರೋಸ್ ಕೊಟ್ಟ ಜಗಳದ ಅರ್ಥವೂ ನಮ್ಮನೇಲಿ ನಿಜವಾಯ್ತು. ಆಫೀಸಲ್ಲಿ ಎಲ್ಲರ ಜೊತೆ ಆ್ಯಪ್‌ನಲ್ಲಿ ಬಿರಿಯಾನಿ ತರಿಸಿಕೊಂಡು, ಮೂರು ದಿನ ಅಮ್ಮನ ಡಬ್ಬೀನ ಕಸದ ಬುಟ್ಟಿಗೆ ಸುರಿದುಬಿಟ್ಟೆ. ಮೂರನೇ ಸಂಜೆ ಅಮ್ಮ ಕೇಳಿದ್ರು, "ಹುಳಿ ಹೇಗಿತ್ತೋ?"

"ಸಕ್ಕತ್ತಾಗಿತ್ತಮ್ಮ."

"ಇವತ್ತು ಹಾಕಿದ್ದು ಚಿತ್ರಾನ್ನ."

ಕೂಗಾಡಿದ್ದು ನಾನೇ: "ಯಾರು ಕಟ್ಟು ಅಂದ್ರು ನಿಂಗೆ?" ಅಮ್ಮ ಮಾತಾಡಲಿಲ್ಲ. ಬೆಳಿಗ್ಗೆ ಐದೂವರೆಗೆ ಕೇಳಿಸೋ ಕುಕ್ಕರ್ ಸೀಟಿ ಮಾರನೇ ದಿನ ಕೇಳಲಿಲ್ಲ. ಟೇಬಲ್ ಮೇಲೆ ಡಬ್ಬಿಯೂ ಇರಲಿಲ್ಲ. ಮನೆ ಅಷ್ಟು ನಿಶ್ಶಬ್ದವಾಗಿದ್ದಿದ್ದು ನಾನು ನೋಡಿರಲಿಲ್ಲ.

ಎರಡು ದಿನ ಆದಮೇಲೆ ಕ್ಷಮಿಸು ಅಂದೆ. ಒಂದು ಒಪ್ಪಂದವೂ ಆಯ್ತು: ಹೊರಗೆ ತಿನ್ನೋ ದಿನ ರಾತ್ರಿಯೇ ಹೇಳಬೇಕು, ತಂದ ಡಬ್ಬಿ ನಾನೇ ತೊಳೀಬೇಕು.

ಈಗ ಸಂಜೆ ಬಾಗಿಲಲ್ಲೇ ಕೇಳ್ತಾರೆ, "ಟಿಫಿನ್?" ಮೂರರಲ್ಲಿ ಯಾವ ಅರ್ಥ ಅಂತ ನಾನು ಕೇಳಲ್ಲ. ಸೀದಾ ಸಿಂಕ್ ಹತ್ರ ಹೋಗ್ತೀನಿ.