ಹೊಲವಿಲ್ಲದವರ ಹೊಲ

ಎಳ್ಳು ಅಮಾವಾಸ್ಯೆಯ ದಿವಸ ನಮ್ಮ ಸೀಮೆಯ ಹಳ್ಳಿಗಳಲ್ಲಿ ಮನೆಗಳಿಗೆ ಬೀಗ ಬೀಳುತ್ತದೆ. ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಮೊಸರು ಬುತ್ತಿಗಳ ಗಂಟುಗಳನ್ನು ಬಂಡಿಯಲ್ಲಿರಿಸಿ, ಮುದುಕರಿಂದ ಹಿಡಿದು ಎಳೆಯ ಕೂಸುಗಳವರೆಗೆ ಮನೆತನವೆಲ್ಲ ಹೊಲದ ದಾರಿ ಹಿಡಿಯುತ್ತದೆ. ಬೆಳೆದು ನಿಂತ ಜೋಳದ ನಡುವೆ ಚರಗ ಚೆಲ್ಲಿ, ಬದುವಿನ ಮೇಲಣ ಮರದ ನೆಳಲಿನಲ್ಲಿ ಪಂಕ್ತಿಯಾಗಿ ಕುಳಿತು ಉಂಡು, ಹಾದಿಹೋಕರನ್ನೂ ಕರೆದು ಉಣ್ಣಿಸಿ, ಹೊತ್ತು ಮುಳುಗುವ ತನಕ ಮಕ್ಕಳನ್ನು ಮಣ್ಣಿನಲ್ಲಿ ಆಡಗೊಟ್ಟು ಮರಳುವರು. ಎತ್ತಿನ ಬಂಡಿಯ ಬದಲು ಅನೇಕ ಕಡೆ ಟ್ರ್ಯಾಕ್ಟರ್ ಬಂದಿದೆ. ಆಚರಣೆ ಮಾತ್ರ ನಿಂತಿಲ್ಲ. ಹೆಂಡಿರು ಮಕ್ಕಳೊಡನೆ ಬಯಲಿಗೆ ಹೋಗಿ ಸಂತೋಷಪಡುವದು ಪರದೇಶದ ಷೋಕಿಯೆಂದು ಹೇಳುವ ಮಹಾಶಯರು ಈ ಹಬ್ಬವನ್ನೂ, ಕಾರ್ತಿಕದ ವನಭೋಜನವನ್ನೂ, ನಾಗಪಂಚಮಿಯ ಜೋಕಾಲಿಯನ್ನೂ ಮರೆತಿರಬೇಕು.

ಆದರೆ ಹೊಲವಿಲ್ಲದವನ ಗತಿಯೇನು? ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪಟ್ಟಣಗಳಲ್ಲಿ ಇಂದು ವಾಸಿಸುವ ಗುಮಾಸ್ತ, ಶಿಕ್ಷಕ, ಅಂಗಡಿಕಾರ, ಕಾರ್ಖಾನೆಯ ಕೂಲಿಕಾರ, ವರ್ಗವಾಗಿ ಬಂದ ಅಧಿಕಾರಿ ಇವರಲ್ಲಿ ಬಹುಜನರಿಗೆ ಚರಗ ಚೆಲ್ಲಲು ಗೇಣು ನೆಲವಿಲ್ಲ. ಅವರ ಮಕ್ಕಳು ಶಾಲೆಯ ಕೋಣೆಯಿಂದ ಮನೆಯ ಕೋಣೆಗೆ ಬಂದು, ಅಲ್ಲಿ ಅಂಗೈಯಗಲದ ಮೊಬೈಲಿನ ಕನ್ನಡಿಯಲ್ಲಿ ಲೋಕವನ್ನು ಕಾಣುತ್ತಿರುವರು. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳಾದರೂ ಮೈದಣಿಯುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿದೆ. ಓಣಿಯಲ್ಲಿ ಮೋಟಾರು ಸೈಕಲುಗಳ ಸಂದಣಿಯಿರುವಾಗ ಈ 60 ನಿಮಿಷಗಳನ್ನು ಮಗು ಎಲ್ಲಿ ಕಳೆಯಬೇಕು? ಸಾರ್ವಜನಿಕ ಉದ್ಯಾನವೆಂದರೆ ಹೊಲವಿಲ್ಲದವನ ಹೊಲ. ನಾವು ಈ ಲೇಖನದಲ್ಲಿ ವಾಚಕರ ಮುಂದಿಡಬಯಸುವದು ಇದೊಂದೇ ಮಾತು.

ಉದ್ಯಾನವೆಂದೊಡನೆ ಕಬ್ಬಿಣದ ಬೇಲಿ, ನಾಲ್ಕು ಹೂವಿನ ಮಡಿ, ನೀರು ಬಾರದ ಕಾರಂಜಿ ಇವಿಷ್ಟೇ ನಮ್ಮ ಪುರಸಭೆಗಳ ಕಣ್ಣಿಗೆ ಕಟ್ಟುತ್ತವೆ. ಬೆಂಗಳೂರಿನ ಲಾಲಬಾಗದಂಥ ತೋಟವನ್ನು ನಮ್ಮ ಬಿಸಿಲುನಾಡಿನಲ್ಲಿ ಬೆಳೆಸುವದು ಸುಲಭವಲ್ಲವೆಂಬದು ನಿಜ. ಆದರೆ ಸೃಷ್ಟಿಕರ್ತನು ಈ ನಾಲ್ಕು ತಾಲೂಕುಗಳಿಗೆ ತಾನೇ ಇಟ್ಟುಕೊಟ್ಟ ಉದ್ಯಾನಗಳಿವೆ. ಅವು ಬೆಟ್ಟಗಳು, ಕೆರೆಗಳು, ಹೊಳೆಯ ದಂಡೆಗಳು. ಅವುಗಳಿಗೆ ಬೇಕಾದದ್ದು ಕಾರಂಜಿಯಲ್ಲ, ಕಾಲುದಾರಿ.

ಕೊಪ್ಪಳವನ್ನೇ ನೋಡೋಣ. ಜೈನರ ಮಹಾತೀರ್ಥವಾಗಿದ್ದ, ಕವಿರಾಜಮಾರ್ಗದಲ್ಲಿ ತಿರುಳ್ಗನ್ನಡದ ಸೀಮೆಯೊಳಗೆ ಎಣಿಸಲ್ಪಟ್ಟ ಕೊಪಣನಗರವಿದು. ಗವಿಮಠದ ಬೆಟ್ಟದ ಮೇಲೂ, ಪಲ್ಲಕ್ಕಿಯಂತೆ ಬಂಡೆಗಳು ನಿಂತಿರುವ ಪಾಲ್ಕಿಗುಂಡಿನ ಮೇಲೂ ಅಶೋಕ ಚಕ್ರವರ್ತಿಯ ಶಾಸನಗಳಿರುವವು. ಇವು 1931 ರಲ್ಲಿ ವಿದ್ವಾಂಸರ ಗಮನಕ್ಕೆ ಬಂದವು. ಊರಿಗೆ ಹೊಂದಿದ ಕೋಟೆಯಲ್ಲಿ ಮುಂಡರಗಿಯ ಭೀಮರಾಯನು 1858 ರಲ್ಲಿ ಬ್ರಿಟಿಷರೊಡನೆ ಹೋರಾಡಿ ಪ್ರಾಣವನ್ನರ್ಪಿಸಿದನು. ಗವಿಸಿದ್ಧೇಶ್ವರ ಜಾತ್ರೆಗೆ ಪ್ರತಿವರ್ಷ ಲಕ್ಷಾಂತರ ಭಕ್ತರು ಬಂದು ತೇರೆಳೆದು ದಾಸೋಹದಲ್ಲಿ ಉಣ್ಣುವರು. ಅವರಲ್ಲಿ ಬೆಟ್ಟವೇರಿ ಆ ಶಾಸನವನ್ನು ಕಂಡವರೆಷ್ಟು ಮಂದಿ?

ಒಂದು ಆದಿತ್ಯವಾರ ಮುಂಜಾನೆ ನಾವು ಆ ಬೆಟ್ಟದ ಮೇಲಿದ್ದಾಗ ತಂದೆಯೊಬ್ಬರು ತಮ್ಮ ಎಂಟು ವರ್ಷದ ಮಗಳೊಡನೆ ಅಲ್ಲಿಗೆ ಬಂದರು. ಬಂಡೆಯ ಮೇಲಣ ಗೀರುಗಳನ್ನು ದಿಟ್ಟಿಸಿ ನೋಡಿ ಹುಡುಗಿಯು “ಅಪ್ಪಾ, ಇದನ್ನ ಯಾರು ಬರದಾರ?” ಎಂದು ಕೇಳಿದಳು. ಸರಕಾರಿ ಕಚೇರಿಯಲ್ಲಿ ಹಲವು ವರ್ಷಗಳಿಂದ ಇದೇ ಊರಿನಲ್ಲಿ ಸೇವೆಯಲ್ಲಿದ್ದ ಆ ಗೃಹಸ್ಥರು ಕೊಂಚ ತಡೆದು, “ನಾನೂ ಇವತ್ತೇ ನೋಡಾಕತ್ತೀನವ್ವಾ” ಎಂದರು. ಅವರ ಪ್ರಾಮಾಣಿಕತೆಗೆ ನಾವು ತಲೆವಾಗಿದೆವು. ಇದು ಅವರೊಬ್ಬರ ಕೊರತೆಯಲ್ಲ, ನಮ್ಮೆಲ್ಲರದು. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮೇಲ್ಪಟ್ಟು ಊರ ತಲೆಯ ಮೇಲೆಯೇ ಇರುವ ಬರಹವನ್ನು ನೋಡದೆ, ಮಕ್ಕಳಿಗೆ ಇತಿಹಾಸದ ಪುಸ್ತಕದಲ್ಲಿ ಅಶೋಕನನ್ನು ಬಾಯಿಪಾಠ ಮಾಡಿಸುತ್ತಿರುವೆವು.

ಗಂಗಾವತಿಯ ಕಡೆ ತಿರುಗಿದರೆ ಸಂಪತ್ತು ಇಮ್ಮಡಿಯಾಗುತ್ತದೆ. ಆನೆಗೊಂದಿಯ ಹಳೆಯ ಕೋಟೆ, ಪಂಪಾ ಸರೋವರ, ತುಂಗಭದ್ರೆಯ ನಡುಗಡ್ಡೆಯಲ್ಲಿ ಒಂಬತ್ತು ಯತಿಗಳು ನೆಲೆಸಿದ ನವಬೃಂದಾವನ, ಗುಂಡುಕಲ್ಲುಗಳ ಮಧ್ಯದ ಸಾಣಾಪುರದ ಕೆರೆ ಇವೆಲ್ಲ ಒಂದು ದಿನದ ವಿಹಾರಕ್ಕೆ ತಕ್ಕಂತೆ ಅಡಕವಾಗಿವೆ. ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಅಜ್ಜಿಯರೂ ಮೊಮ್ಮಕ್ಕಳೂ ಒಬ್ಬರಿಗೊಬ್ಬರು ಆಸರೆಯಾಗಿ ಏರುವ ನೋಟವು ಯಾವ ವ್ಯಾಯಾಮಶಾಲೆಗೂ ಕಡಿಮೆಯಲ್ಲ. ಈ ಬೆಟ್ಟದ ಅಭಿವೃದ್ಧಿಗೆ 2022 ರ ರಾಜ್ಯ ಮುಂಗಡಪತ್ರದಲ್ಲಿ 100 ಕೋಟಿ ರೂಪಾಯಿಗಳನ್ನು ಘೋಷಿಸಲಾಯಿತು. ನಾವು ಅದನ್ನು ಆಕ್ಷೇಪಿಸುವದಿಲ್ಲ. ಆದರೆ ಅದೇ ತಾಲೂಕಿನ ಹಿರೇಬೆಣಕಲ್ಲಿನ ಬೆಟ್ಟವನ್ನು ವಾಚಕರು ಮರೆಯಬಾರದು. ಅಲ್ಲಿ ಸುಣ್ಣ ಗಾರೆಗಳಿಲ್ಲದೆ ಕಲ್ಲಿನ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಎದುರಿಗೆ ದುಂಡನೆಯ ಕಿಂಡಿ ಕೊರೆದು ಕಟ್ಟಿದ ಶಿಲಾಯುಗೋತ್ತರ ಕಾಲದ ಸಮಾಧಿಗಳು 400 ಕ್ಕೂ ಮೇಲ್ಪಟ್ಟಿವೆ. ಹಳ್ಳಿಯವರು ಇವನ್ನು ಮೋರೇರ ಮನೆಗಳೆನ್ನುವರು. ಬಡಿದರೆ ನಗಾರಿಯಂತೆ ನಿನಾದಗೈಯುವ ಗುಂಡೊಂದು ಅಲ್ಲಿದೆ. ಮೆಡೋಸ್ ಟೇಲರನು 1835 ರಷ್ಟು ಹಿಂದೆಯೇ ಇದನ್ನು ಲೋಕಕ್ಕೆ ತಿಳಿಸಿದನು. ಯುನೆಸ್ಕೋದ ವಿಶ್ವಪರಂಪರೆಯ ಸಂಭಾವ್ಯ ಪಟ್ಟಿಯಲ್ಲಿ ಇದು 2021 ರಲ್ಲಿ ಸೇರಿತು. ಅಲ್ಲಿಗೆ ಗಾಡಿ ಹೋಗದು. ಕುಡಿಯುವ ನೀರನ್ನು ಹೊತ್ತುಕೊಂಡು, ಬೆಳಗಿನ ತಂಪಿನಲ್ಲಿ, ಕಲ್ಲುದಾರಿಯನ್ನು ಕಾಲಿನಿಂದಲೇ ಏರತಕ್ಕದ್ದು. ಹುಡುಗರಿಗೆ ಇದಕ್ಕಿಂತ ಮೇಲಾದ ಪಾಠಶಾಲೆಯನ್ನು ನಾವು ಕಾಣೆವು.

ಕುಷ್ಟಗಿ ಯಲಬುರ್ಗಾಗಳು ಮಳೆಗಾಗಿ ಮುಗಿಲು ನೋಡುವ ತಾಲೂಕುಗಳು. ಆದರೂ ಮುಂಗಾರು ಚೆನ್ನಾಗಿ ಹಿಡಿದ ವರ್ಷ ಕುಷ್ಟಗಿ ತಾಲೂಕಿನ ಕಬ್ಬರಗಿಯ ಕಪಿಲತೀರ್ಥದಲ್ಲಿ ಬಂಡೆಯಿಂದ ನೀರು ಧುಮುಕುವದನ್ನು ನೋಡಲು ಸುತ್ತಿನ ಜನ ನೆರೆಯುವರು. ಹಳೆಯ ಯಲಬುರ್ಗಾ ತಾಲೂಕಿಗೆ ಸೇರಿದ್ದು ಈಗ ಕುಕನೂರು ತಾಲೂಕಿನಲ್ಲಿರುವ ಇಟಗಿಯಲ್ಲಿ, ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112 ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯವಿದೆ. ಶಾಸನವು ಅದನ್ನು ದೇವಾಲಯ ಚಕ್ರವರ್ತಿಯೆಂದು ಕರೆದಿದೆ. ಮಗ್ಗುಲಲ್ಲಿ ಪುಷ್ಕರಣಿಯಿದೆ. ಕುಷ್ಟಗಿಗೆ 2025 ರ ಮೇ ತಿಂಗಳಿನಲ್ಲಿ ರೈಲು ಬಂದಿತು. ಹುಬ್ಬಳ್ಳಿಯ ಪೇಟೆಯನ್ನು ನೋಡಹೋಗುವ ಸಂಸಾರವು ಒಂದು ದಿನ ಇಟಗಿಯ ಪುಷ್ಕರಣಿಯ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಲಿ ಎಂದು ನಾವು ಹಾರೈಸುತ್ತೇವೆ.

ಈಗ ಒಂದು ಆಕ್ಷೇಪವನ್ನು ಪರಾಮರ್ಶಿಸಬೇಕು. “ಕುಡಿಯುವ ನೀರಿಗೇ ತತ್ವಾರವಾದ ಜಿಲ್ಲೆಗೆ ವಿಹಾರಸ್ಥಳವೆಂಬ ವಿಲಾಸವೇತಕ್ಕೆ?” ಎಂದು ಕೆಲವು ಅಧಿಕಾರಿಗಳೂ ಸದಸ್ಯರೂ ಕೇಳುವರು. ಉತ್ತರವು ಈ ಜಿಲ್ಲೆಯಲ್ಲಿಯೇ ಇದೆ. 2019 ರಲ್ಲಿ ಗವಿಮಠದ ಶ್ರೀಗಳ ಮುಂದಾಳುತನದಲ್ಲಿ ಜನರು ಹಿರೇಹಳ್ಳದ ಹೂಳು ಕಸಗಳನ್ನು ತೆಗೆದರು. ಅದೇ ವರ್ಷ ಕುಷ್ಟಗಿಯವರು ಹಣ ಕೂಡಿಸಿ ನಿಡಶೇಸಿಯ ಕೆರೆಯ ಹೂಳೆತ್ತಿಸಿದರು. ನೀರಿನ ಕೆಲಸ ಬೇರೆ, ವಿಹಾರದ ಕೆಲಸ ಬೇರೆ ಅಲ್ಲ. ಸಂಜೆ ಮಕ್ಕಳೊಡನೆ ಯಾವ ಏರಿಯ ಮೇಲೆ ಜನರು ನಡೆದಾಡುವರೋ ಆ ಕೆರೆಯನ್ನು ಒತ್ತುವರಿ ಮಾಡುವ ಧೈರ್ಯ ಯಾರಿಗೂ ಬಾರದು. ಜನರು ಬೆನ್ನುಹಾಕಿದ ಕೆರೆಯೇ ಮೊದಲು ಗಟಾರವಾಗಿ, ಆಮೇಲೆ ನಿವೇಶನವಾಗುತ್ತದೆ. ಹವೆಯ ಮಾತೂ ಹಾಗೆಯೇ. ಉಕ್ಕಿನ ಕಾರ್ಖಾನೆಯ ವಿಸ್ತರಣವನ್ನು ವಿರೋಧಿಸಿ 2025 ರ ಫೆಬ್ರುವರಿಯಲ್ಲಿ ಕೊಪ್ಪಳದ ಪುರಜನರು ಅಂಗಡಿಗಳನ್ನು ಮುಚ್ಚಿ ಬೀದಿಗಿಳಿದಾಗ ಅವರು ಬೇಡಿದ್ದು ವಿಲಾಸವನ್ನಲ್ಲ, ಮಕ್ಕಳು ಉಸಿರಾಡತಕ್ಕ ಗಾಳಿಯನ್ನು.

ಕಾಯಿದೆಯು ನಮ್ಮ ಪಕ್ಷದಲ್ಲಿಲ್ಲವೆನ್ನುವಂತೆಯೂ ಇಲ್ಲ. ಉದ್ಯಾನ, ಆಟದ ಬಯಲು ಮತ್ತು ತೆರೆದ ಸ್ಥಳಗಳನ್ನು ಕಾಪಾಡುವ ಕಾಯಿದೆಯನ್ನು ಕರ್ನಾಟಕವು 1985 ರಲ್ಲಿಯೇ ಮಾಡಿತು. ಬೆಂಗಳೂರಿನ ರಾಜಮಹಲ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 1991 ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಮಂಜೂರಾತಿಯನ್ನು ಒಪ್ಪಲಿಲ್ಲ. ಆಸ್ಪತ್ರೆಯೂ ಲೋಕೋಪಯೋಗಿಯೇ; ಆದರೆ ಎಲ್ಲರ ಬಯಲನ್ನು ಒಬ್ಬರ ಕೈಗೆ ಕೊಡತಕ್ಕದ್ದಲ್ಲವೆಂಬದು ಆ ತೀರ್ಪಿನ ಸಾರ. ರಾಜಧಾನಿಗೆ ಸಲ್ಲುವ ನ್ಯಾಯ ಕುಷ್ಟಗಿಗೂ ಸಲ್ಲಬೇಕು.

ಆದುದರಿಂದ ಪುರಸಭೆ, ನಗರಸಭೆಗಳ ಸದಸ್ಯರಲ್ಲಿಯೂ ಜಿಲ್ಲಾ ಅಧಿಕಾರಿವರ್ಗದಲ್ಲಿಯೂ ನಾವು ಕೇಳುವದು ನಾಲ್ಕೇ ಮಾತು. ಮೊದಲನೆಯದಾಗಿ, ಪ್ರತಿಯೊಂದು ಪಟ್ಟಣದ ಉದ್ಯಾನ, ಬಯಲು, ಕೆರೆಯಂಗಳಗಳ ಪಟ್ಟಿಯನ್ನು ಗಡಿಯಳತೆಯೊಡನೆ ಕಚೇರಿಯ ಬಾಗಿಲಲ್ಲಿ ತೂಗುಹಾಕಲಿ. ಎರಡನೆಯದಾಗಿ, ತಾಲೂಕಿಗೆ ಒಂದರಂತೆ ಒಳ್ಳೆಯ ಕಾಲುದಾರಿಯನ್ನು ಗುರುತಿಸಿ, ಬೇವು, ಹೊಂಗೆ, ಹುಣಿಸೆಗಳ ನೆಳಲು, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಮರ್ಯಾದೆಯ ಶೌಚಾಲಯ ಇವನ್ನೊದಗಿಸಲಿ. ಬೆಟ್ಟಕ್ಕೆ ಸಿಮೆಂಟು ಬಳಿಯುವದು ಬೇಡ. ಮೂರನೆಯದಾಗಿ, ಅಲ್ಲಲ್ಲಿ ತಿಳಿಗನ್ನಡದ ಫಲಕಗಳನ್ನಿರಿಸಿ, ಆದಿತ್ಯವಾರಗಳಲ್ಲಿ ಕಥೆ ಹೇಳಬಲ್ಲ ಊರ ತರುಣರನ್ನು ನೇಮಿಸಲಿ. ನಾಲ್ಕನೆಯದಾಗಿ, ಹೊಳೆ ಕೆರೆಗಳ ಬಳಿ ಕಾವಲಿರಲಿ. ಸಾಣಾಪುರದ ಬಳಿ 2025 ರ ಫೆಬ್ರುವರಿಯಲ್ಲಿ ಬಂಡೆಯ ಮೇಲಿಂದ ತುಂಗಭದ್ರೆಗೆ ಹಾರಿದ ತರುಣ ವೈದ್ಯೆಯೊಬ್ಬಳು ಪ್ರವಾಹದ ಪಾಲಾದಳು. ಸೌಂದರ್ಯಕ್ಕೆ ಜನರನ್ನು ಕರೆಯುವವರು ಅಪಾಯವನ್ನೂ ತಿಳಿಸಬೇಕು.

ಹೊಣೆಯೆಲ್ಲ ಸರಕಾರದ್ದೆಂದು ಹೇಳಿ ನಾವು ಜಾರಿಕೊಳ್ಳಲಾರೆವು. ಮೂರು ಸಾವಿರ ವರ್ಷಗಳಷ್ಟು ಹಿಂದಿನವರು ನಿಲ್ಲಿಸಿದ ಕಲ್ಲಿನ ಮೇಲೆ ತಮ್ಮ ಹೆಸರು ಗೀಚುವವರು, ಪುಷ್ಕರಣಿಯಲ್ಲಿ ಪ್ಲಾಸ್ಟಿಕ್ಕಿನ ಬಾಟಲಿ ಎಸೆಯುವವರು ಪರದೇಶದವರಲ್ಲ. ತುಂಗಭದ್ರೆಯ 34 ಕಿಲೋಮೀಟರುಗಳ ಹರಿವನ್ನು, ಮುದ್ಲಾಪುರದಿಂದ ಕಂಪ್ಲಿಯವರೆಗೆ, 2015 ರಲ್ಲಿ ನೀರುನಾಯಿಗಳಿಗೆಂದು ಮೀಸಲಿಡಲಾಯಿತು. ಅಲ್ಲಿ ನಾವು ಅತಿಥಿಗಳು. ಗದ್ದಲ ಮಾಡುವದು ವಿಹಾರವೆನಿಸದು. ಹೊಲಕ್ಕೆ ಹೋದ ರೈತನು ಉಂಡ ಮೇಲೆ ಎಲೆಯನ್ನು ಎತ್ತಿಯೇ ಬರುವನು, ಅದು ತನ್ನದೆಂದು. ಈ ಬೆಟ್ಟ ಕೆರೆಗಳೂ ತಮ್ಮವೆಂದು ಪಟ್ಟಣದವರಿಗೆ ತೋರಿದ ದಿನ ಕಸದ ಬುಟ್ಟಿಯ ಫಲಕವೇ ಬೇಕಾಗದು.

ನಾಡಾಭಿಮಾನವು ಭೂಪಟದಿಂದ ಹುಟ್ಟುವದಿಲ್ಲ, ಅಂಗಾಲಿನಿಂದ ಹುಟ್ಟುತ್ತದೆ. 1948 ರ ಸಪ್ಟೆಂಬರದಲ್ಲಿ ನಿಜಾಮನ ಆಳಿಕೆಯಿಂದ ಈ ನೆಲವನ್ನು ಬಿಡಿಸಿದ ಹಿರಿಯರಿಗೆ ಇದರ ಗುಡ್ಡ ಹಳ್ಳಗಳೆಲ್ಲ ನಡೆದು ಗೊತ್ತಿದ್ದವು. ನಡೆಯದ ಮಕ್ಕಳಿಗೆ ಆ ನೆಲದ ಮೇಲೆ ಮಮತೆ ಎಲ್ಲಿಂದ ಬರಬೇಕು?

ಗವಿಮಠದ ಆ ಬಂಡೆಯ ಮೇಲೆ ಅಶೋಕನು ಬರೆಯಿಸಿದ್ದರ ತಾತ್ಪರ್ಯವೇನೆಂದು ಆ ಹುಡುಗಿಗೆ ನಾವು ಅಂದು ಹೇಳಿದೆವು. ಧರ್ಮದ ಫಲವು ದೊಡ್ಡವರಿಗಷ್ಟೇ ದೊರೆಯತಕ್ಕದ್ದಲ್ಲ. ಚಿಕ್ಕವರೂ ಪ್ರಯತ್ನಪಟ್ಟರೆ ಅವರಿಗೂ ಸಿಕ್ಕುತ್ತದೆ ಎಂಬದೇ ಅದರ ಮುಖ್ಯ ಮಾತು. ಅವಳು ಒಂದು ಕ್ಷಣ ಯೋಚಿಸಿ ತಂದೆಯ ಕೈ ಬಿಟ್ಟು, ಮುಂದಿನ ಬಂಡೆಯನ್ನು ತಾನೇ ಏರತೊಡಗಿದಳು. ಚಳಿಗಾಲದ ತಂಪು ಇರುವಾಗ ನಮ್ಮ ವಾಚಕರೂ ಒಂದು ಆದಿತ್ಯವಾರ ಬುತ್ತಿ ಕಟ್ಟಿಕೊಂಡು, ಮಕ್ಕಳನ್ನು ಮುಂದೆ ಬಿಟ್ಟುಕೊಂಡು ಹೊರಡಲಿ.