ಮನಶ್ಶಾಸ್ತ್ರದಲ್ಲಿ ಪಿಎಚ್.ಡಿ.: ಗಡಿಯ ಕನ್ನಡ ಮಕ್ಕಳ ಅರ್ಜಿ ಮತ್ತು ಸಂದರ್ಶನ

ಮನಶ್ಶಾಸ್ತ್ರದಲ್ಲಿ ಎಂ.ಎ. ಮುಗಿಸಿದ ಮಗಳು ಪಿಎಚ್.ಡಿ. ಮಾಡುವೆನೆಂದರೆ ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಮನೆಗಳಲ್ಲಿ ಹಿರಿಯರು ಕೇಳುವ ಮೊದಲ ಪ್ರಶ್ನೆ, "ಹುಚ್ಚರ ಡಾಕ್ಟರ್ ಆಗ್ತಿ ಏನವ್ವಾ?" ಎಂಬುದು. ಪ್ರಶ್ನೆಯಲ್ಲಿ ತಪ್ಪಿಲ್ಲ, ಉತ್ತರ ಮಾತ್ರ ಸ್ಪಷ್ಟವಾಗಿರಬೇಕು. ಔಷಧ ಬರೆಯುವವರು ಮನೋವೈದ್ಯರು, ಅವರು ಎಂ.ಬಿ.ಬಿ.ಎಸ್. ಬಳಿಕ ಮನೋವೈದ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಿದವರು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂಬ ಹೆಸರಿನಲ್ಲಿ ಚಿಕಿತ್ಸೆ ನೀಡಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿಯೂ ಅದರ ನೋಂದಣಿಯೂ ಬೇಕು. ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ಪಿಎಚ್.ಡಿ. ಇವೆರಡೂ ಅಲ್ಲ. ಅದು ಸಂಶೋಧನೆಯ ಪದವಿ, ಅಧ್ಯಾಪನಕ್ಕೂ ಸಂಶೋಧನಾ ಸಂಸ್ಥೆಗಳಿಗೂ ದಾರಿ. ಹೆಸರಿನ ಮುಂದೆ "ಡಾ." ಬರುವುದು ನಿಜ, ಆದರೆ ಆ ಎರಡಕ್ಷರದಿಂದ ಚಿಕಿತ್ಸೆಯ ಅನುಮತಿ ದೊರೆಯುವುದಿಲ್ಲ. ಮಗುವಿನ ಆಸೆ ಯಾವುದೆಂಬುದನ್ನು ಅರ್ಜಿಗೆ ಮೊದಲೇ ಮನೆಯಲ್ಲಿ ಕುಳಿತು ಕೇಳಿಕೊಳ್ಳುವುದು ಲೇಸು.

ದಾರಿಯೂ ಈಚೆಗೆ ಬದಲಾಗಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಾವಳಿ ಎಂ.ಫಿಲ್. ಪದವಿಯನ್ನು ನಿಲ್ಲಿಸಿತು, ಆದರೆ ಕ್ಲಿನಿಕಲ್ ಸೈಕಾಲಜಿಯ ಎಂ.ಫಿಲ್. 2025–26ರವರೆಗೆ ಮುಂದುವರಿಯಲೆಂದು ಬಳಿಕ ವಿನಾಯಿತಿ ದೊರೆಯಿತು. ನಮ್ಮ ಊರುಗಳಿಗೆ ಇದಕ್ಕಿಂತ ಹತ್ತಿರದ ಬದಲಾವಣೆ ಇನ್ನೊಂದು: 2025ರ ಜುಲೈ–ಆಗಸ್ಟ್ ಅವಧಿಯಿಂದ ಮನಶ್ಶಾಸ್ತ್ರವನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಹೊಸದಾಗಿ ಕಲಿಸಬಾರದೆಂದು ಆಯೋಗ ಆದೇಶಿಸಿದೆ. ಊರಿನಲ್ಲೇ ಕೆಲಸ ಮಾಡುತ್ತ ಅಂಚೆಯ ಮೂಲಕ ಎಂ.ಎ. ಮುಗಿಸೋಣವೆಂಬ ಲೆಕ್ಕಾಚಾರ ಇನ್ನು ನಡೆಯದು. ಎರಡು ವರ್ಷ ಹೈದರಾಬಾದಿನಲ್ಲೋ ಕಲಬುರಗಿಯಲ್ಲೋ ಇದ್ದು ಓದುವ ಖರ್ಚನ್ನು ಪದವಿಯ ಎರಡನೆಯ ವರ್ಷದಲ್ಲೇ ಯೋಚಿಸಬೇಕು.

ಪಿಎಚ್.ಡಿ.ಗೆ ಎಂ.ಎ. ಅಥವಾ ಎಂ.ಎಸ್ಸಿ.ಯಲ್ಲಿ ಶೇ. 55 ಅಂಕ ಬೇಕು; ಪರಿಶಿಷ್ಟರಿಗೆ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗದವರಿಗೆ, ಅಂಗವಿಕಲರಿಗೆ, ಆರ್ಥಿಕವಾಗಿ ದುರ್ಬಲರಿಗೆ ಶೇ. 5 ಸಡಿಲಿಕೆ ಉಂಟು. ಮುಂದಿನ ಮೆಟ್ಟಿಲು ಪ್ರವೇಶ ಪರೀಕ್ಷೆ. 2024–25ರಿಂದ ಯುಜಿಸಿ ನೆಟ್ ಪರೀಕ್ಷೆಯ ಅಂಕಗಳನ್ನೇ ಪಿಎಚ್.ಡಿ. ಪ್ರವೇಶಕ್ಕೆ ಬಳಸಲು ಅವಕಾಶವಾಗಿದೆ. ನೆಟ್ ಬರೆದವರನ್ನು ಮೂರು ವರ್ಗವಾಗಿ ವಿಂಗಡಿಸುತ್ತಾರೆ: ಜೆ.ಆರ್.ಎಫ್. ಪಡೆದವರು, ಸಹಾಯಕ ಪ್ರಾಧ್ಯಾಪಕ ಹುದ್ದೆಗೂ ಪಿಎಚ್.ಡಿ.ಗೂ ಅರ್ಹರಾದವರು, ಪಿಎಚ್.ಡಿ.ಗೆ ಮಾತ್ರ ಅರ್ಹರಾದವರು. ಮೊದಲ ವರ್ಗದವರಿಗೆ ಸಂದರ್ಶನವಷ್ಟೇ. ಉಳಿದಿಬ್ಬರಿಗೆ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30, ಅವರ ಅಂಕ ಒಂದೇ ವರ್ಷ ಊರ್ಜಿತ.

ಈ 70–30ರ ಅರ್ಥವನ್ನು ಲೆಕ್ಕ ಹಾಕಿ ನೋಡಬೇಕು. ಒಬ್ಬ ಅಭ್ಯರ್ಥಿ ಪರೀಕ್ಷೆಯಲ್ಲಿ ನೂರಕ್ಕೆ 66 ಪಡೆದನೆನ್ನೋಣ, ಅವನಿಗೆ 46.2 ಬಂತು. ಸಂದರ್ಶನದಲ್ಲಿ ತಡವರಿಸಿ 30ಕ್ಕೆ 15 ತಂದರೆ ಒಟ್ಟು 61.2. ಇನ್ನೊಬ್ಬಳು ಪರೀಕ್ಷೆಯಲ್ಲಿ 60 ಮಾತ್ರ ಪಡೆದು, ಸಂದರ್ಶನದಲ್ಲಿ 24 ತಂದರೆ ಅವಳದು 66. ಅಂದರೆ ಪರೀಕ್ಷೆಯಲ್ಲಿ ಆರು ಅಂಕ ಹಿಂದಿದ್ದವಳು ಸುಮಾರು ಐದು ಅಂಕ ಮುಂದಾದಳು. ಕನ್ನಡ ಮಾಧ್ಯಮದ ಮಕ್ಕಳು ಸಾಮಾನ್ಯವಾಗಿ ಪರೀಕ್ಷೆಗೆ ಹಗಲಿರುಳು ಓದಿ, ಸಂದರ್ಶನವನ್ನು ದೈವಕ್ಕೆ ಬಿಟ್ಟುಬಿಡುತ್ತಾರೆ. ಈ ಲೇಖನದ ಬಹುಭಾಗ ಸಂದರ್ಶನದ ಸುತ್ತಲೇ ನಿಲ್ಲುವುದಕ್ಕೆ ಅದೇ ಕಾರಣ.

ಪರೀಕ್ಷೆಯ ಕುರಿತು ಒಂದೇ ಮಾತು. ನೆಟ್‌ನ ಮನಶ್ಶಾಸ್ತ್ರ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಅವಧಾನ, ಸಂವೇಗ, ಅಭಿಪ್ರೇರಣೆ, ಪ್ರಾಕ್ಕಲ್ಪನೆ ಎಂದು ಕನ್ನಡದಲ್ಲಿ ಕಲಿತದ್ದನ್ನು ಅಟೆನ್ಶನ್, ಇಮೋಷನ್, ಮೋಟಿವೇಶನ್, ಹೈಪಾಥಿಸಿಸ್ ಎಂದು ಅಲ್ಲಿ ಗುರುತಿಸಬೇಕು. ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್ ಪದ, ನಡುವೆ ಸ್ವಂತ ಮಾತಿನ ಒಂದು ಉದಾಹರಣೆ ಬರೆದಿಟ್ಟುಕೊಂಡವರಿಗೆ ಇದು ಆರು ತಿಂಗಳ ಕೆಲಸ. ನಡುವಿನ ಆ ಉದಾಹರಣೆಯೇ ಮುಂದೆ ಸಂದರ್ಶನದಲ್ಲಿ ಕೈಹಿಡಿಯುವುದು.

ಎಲ್ಲಿಗೆ ಅರ್ಜಿ ಹಾಕಬೇಕು? ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಆರೋಗ್ಯ ಮನಶ್ಶಾಸ್ತ್ರ ಕೇಂದ್ರ ಇದೆ. ಉಸ್ಮಾನಿಯಾದಲ್ಲಿ ಮನಶ್ಶಾಸ್ತ್ರ ವಿಭಾಗವಿದೆ. ಗಡಿಯಾಚೆ ಗುಲಬರ್ಗಾ ವಿಶ್ವವಿದ್ಯಾಲಯ, ಕಡಗಂಚಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ, ಇನ್ನೂ ದೂರದಲ್ಲಿ ಮೈಸೂರು, ಬೆಂಗಳೂರಿನ ನಿಮ್ಹಾನ್ಸ್. ಹೆಸರು ನೋಡಿ ಅರ್ಜಿ ಹಾಕುವುದಕ್ಕಿಂತ ಅಲ್ಲಿನ ಪ್ರಾಧ್ಯಾಪಕರು ಯಾವ ವಿಷಯದಲ್ಲಿ ಬರೆದಿದ್ದಾರೆಂದು ನೋಡಬೇಕು. ಒಬ್ಬ ಪ್ರಾಧ್ಯಾಪಕರು ಏಕಕಾಲಕ್ಕೆ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಸಂಶೋಧಕರಿಗಷ್ಟೇ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಆದುದರಿಂದ ವಿಭಾಗ ದೊಡ್ಡದಾಗಿದ್ದರೂ ನಿಮ್ಮ ವಿಷಯದ ಮಾರ್ಗದರ್ಶಕರ ಬಳಿ ಆ ವರ್ಷ ಸ್ಥಾನವೇ ಇಲ್ಲದಿರಬಹುದು. ಅವರ ಎರಡು ಲೇಖನಗಳನ್ನಾದರೂ ಓದಿ, ಹತ್ತು ಸಾಲಿನ ಪತ್ರ ಬರೆದು ವಿಚಾರಿಸಿದರೆ ಅದು ಅತಿಕ್ರಮವಲ್ಲ.

ಇನ್ನು ಮುಖ್ಯ ವಿಷಯ, ಸಂಶೋಧನಾ ಪ್ರಸ್ತಾವ. "ಗ್ರಾಮೀಣ ವಿದ್ಯಾರ್ಥಿಗಳ ಮಾನಸಿಕ ಒತ್ತಡ ಒಂದು ಅಧ್ಯಯನ" ಎಂಬಂಥ ಶೀರ್ಷಿಕೆಗಳು ಸಂದರ್ಶನ ಮಂಡಳಿಗೆ ಪ್ರತಿವರ್ಷ ಬರುತ್ತವೆ. ಯಾವ ವಿದ್ಯಾರ್ಥಿಗಳು, ಯಾವ ಒತ್ತಡ, ಯಾವುದಕ್ಕೆ ಹೋಲಿಸಿ, ಎಂದು ಕೇಳಿದೊಡನೆ ಅವು ಕುಸಿಯುತ್ತವೆ. ನಮ್ಮ ಮಕ್ಕಳ ಬಳಿ ಇದಕ್ಕಿಂತ ಗಟ್ಟಿಯಾದ ವಿಷಯ ಮನೆಯಂಗಳದಲ್ಲೇ ಇದೆ.

1956ರವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ ಜಿಲ್ಲೆಗೆ, ತಾಂಡೂರು ಗುಲಬರ್ಗಾ ಜಿಲ್ಲೆಗೆ ಸೇರಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಗಡಿ ಸರಿಯಿತು. ಮನೆಯ ಮಾತು ಸರಿಯಲಿಲ್ಲ. 2018ರ ಕಾಯಿದೆಯಂತೆ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಡ್ಡಾಯ. ಹೀಗಾಗಿ ಕನ್ನಡ ಮಾಧ್ಯಮದ ನಮ್ಮ ಮಗು ಒಡಹುಟ್ಟಿದವುಗಳಂತೆ ಹೋಲುವ ಎರಡು ಲಿಪಿಗಳನ್ನು ಒಟ್ಟಿಗೆ ಕಲಿಯುತ್ತದೆ, ಅಂಗಡಿಯಲ್ಲಿ ದಖನಿ ಆಡುತ್ತದೆ, ಮೇಲಿಂದ ಇಂಗ್ಲಿಷ್ ಓದುತ್ತದೆ. ಬಸ್ಸು ಹತ್ತಿದರೆ ಬೇಗನೆ ತಲುಪುವ ಬೀದರಿನಲ್ಲಿ ಅದೇ ವಯಸ್ಸಿನ ಮಗು, ಅದೇ ಬಗೆಯ ಮನೆಮಾತಿನದು, ತೆಲುಗು ಲಿಪಿಯನ್ನು ಕಲಿಯದೆ ಕನ್ನಡ ಓದುತ್ತದೆ. ಹಾಗಾದರೆ ನಾಲ್ಕನೆಯ ತರಗತಿಯಲ್ಲಿ ಒತ್ತಕ್ಷರಗಳನ್ನು ಗುರುತಿಸುವಾಗ ಈ ಇಬ್ಬರಲ್ಲಿ ವ್ಯತ್ಯಾಸ ಕಾಣುವುದೆ? ಎರಡು ಸಮಾನ ಲಿಪಿಗಳು ಮಗುವನ್ನು ಗೊಂದಲಕ್ಕೀಡುಮಾಡುವವೋ, ಇಲ್ಲವೆ ಅಕ್ಷರದ ಒಳರಚನೆಯನ್ನು ಬೇಗ ಕಾಣುವಂತೆ ಮಾಡುವವೋ? ಇದು ಪ್ರಶ್ನೆ. ಎರಡು ಗುಂಪುಗಳಿವೆ, ಹೋಲಿಕೆಯಿದೆ, ಅಳೆಯಬಹುದಾದ ಸಂಗತಿಯಿದೆ.

ಇಂಥ ಪ್ರಶ್ನೆಗೆ ಪೂರ್ವಸೂರಿಗಳೂ ಇದ್ದಾರೆ. ಕನ್ನಡ ಮಕ್ಕಳ ಅಕ್ಷರಕಲಿಕೆಯನ್ನು ಕುರಿತು ಸೋನಾಲಿ ನಾಗ್ ಅವರ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಕನ್ನಡದ ಅಕ್ಷರಗಳನ್ನು ಪೂರ್ತಿ ಕೈವಶ ಮಾಡಿಕೊಳ್ಳಲು ಇಂಗ್ಲಿಷ್ ಕಲಿಯುವ ಮಕ್ಕಳ ವರ್ಣಮಾಲೆಗೆ ಹಿಡಿಯುವುದಕ್ಕಿಂತ ಹೆಚ್ಚು ವರ್ಷ ಬೇಕು, ಆ ಕಲಿಕೆ ಮೂರು ನಾಲ್ಕನೆಯ ತರಗತಿಯವರೆಗೂ ಸಾಗುತ್ತಿರುತ್ತದೆ ಎಂದು ಅದು ತೋರಿಸಿತು. ಮೂರನೆಯ ತರಗತಿಯ ಮಗು ಒತ್ತಕ್ಷರದಲ್ಲಿ ಎಡವಿದರೆ ದಡ್ಡನೆಂದು ಬೈಯುವ ಪಾಲಕರು ಇದನ್ನು ಗಮನಿಸಬೇಕು. ಒಡಿಶಾದ ಕೊಂಧ ಬುಡಕಟ್ಟಿನ ಮಕ್ಕಳಲ್ಲಿ ಕುಯಿ ಮತ್ತು ಒಡಿಯಾ ಎರಡನ್ನೂ ಆಡುವವರನ್ನೂ ಒಡಿಯಾ ಮಾತ್ರ ಆಡುವವರನ್ನೂ ಅಜಿತ್ ಮೊಹಾಂತಿ ಹೋಲಿಸಿ ನೋಡಿದರು. ಎರಡು ಭಾಷೆಯ ಮಕ್ಕಳು ಹಲವು ಬೌದ್ಧಿಕ ಕಾರ್ಯಗಳಲ್ಲಿ ಮುಂದಿದ್ದರು. ಅವರ ಪುಸ್ತಕವನ್ನು 1994ರಲ್ಲಿ ಪ್ರಕಟಿಸಿದ್ದು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ. ಇನ್ನೂ ಹಿಂದಕ್ಕೆ ಹೋದರೆ, ಬುದ್ಧಿಶಕ್ತಿಯನ್ನು ಅಳೆಯುವ ಬಿನೆ ಪರೀಕ್ಷೆಯನ್ನು ವಿ. ವಿ. ಕಾಮತ್ 1934ರಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಬಿನೆ–ಕಾಮತ್ ಪರೀಕ್ಷೆಯೆಂಬ ಹೆಸರಿನಲ್ಲಿ ಅದು ದೇಶದಲ್ಲಿ ಹಬ್ಬಿತು. ಎರಡು ಭಾಷೆಗಳ ನಡುವೆ ನಿಂತೇ ಆ ಕೆಲಸ ನಡೆಯಿತು ಎಂಬುದನ್ನು ಗಡಿಯವರಾದ ನಾವು ಮರೆಯಬಾರದು.

(ಮೈಸೂರಿನಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಕಲಿತವರು. 1935ರಲ್ಲಿ ಮನೆಯಲ್ಲೇ "ಆಕಾಶವಾಣಿ" ಎಂಬ ಬಾನುಲಿ ಕೇಂದ್ರ ತೆರೆದವರೂ ಅವರೇ. ಮನಶ್ಶಾಸ್ತ್ರ ನಮಗೆ ಹೊರಗಿನ ವಿದ್ಯೆಯೆನ್ನುವವರಿಗೆ ಈ ಎರಡು ಇಸವಿಗಳು ಸಾಕು.)

ಸಂದರ್ಶನದಲ್ಲಿ ಮಂಡಳಿ ಏನನ್ನು ನೋಡಬೇಕೆಂದು 2016ರ ನಿಯಮಾವಳಿ ಮೂರು ಅಂಶಗಳಲ್ಲಿ ಬರೆದಿತ್ತು: ಅಭ್ಯರ್ಥಿಗೆ ಈ ಸಂಶೋಧನೆಯ ಸಾಮರ್ಥ್ಯವಿದೆಯೆ, ಈ ಸಂಸ್ಥೆಯಲ್ಲಿ ಅದನ್ನು ನಡೆಸಬಹುದೆ, ಅದರಿಂದ ಹೊಸ ತಿಳಿವಳಿಕೆ ಬರುವುದೆ. ಈಗಲೂ ಪ್ರಶ್ನೆಗಳು ಈ ಮೂರರ ಸುತ್ತಲೇ ತಿರುಗುತ್ತವೆ. ಮೇಲಿನ ಪ್ರಸ್ತಾವವನ್ನೇ ತೆಗೆದುಕೊಂಡರೆ: ಎಷ್ಟು ಮಕ್ಕಳು, ಏಕೆ ಅಷ್ಟೇ? ಓದನ್ನು ಯಾವ ಸಾಧನದಿಂದ ಅಳೆಯುವಿರಿ, ಕನ್ನಡದಲ್ಲಿ ಅದು ಇದೆಯೆ, ಇಲ್ಲದಿದ್ದರೆ ಯಾರು ತಯಾರಿಸುವರು? ಮಕ್ಕಳ ಪಾಲಕರ ಒಪ್ಪಿಗೆಯನ್ನು ಹೇಗೆ ಪಡೆಯುವಿರಿ? ಓದು ಬಾರದ ತಾಯಿಗೆ ಒಪ್ಪಿಗೆಪತ್ರವನ್ನು ಹೇಗೆ ತಿಳಿಸುವಿರಿ? ಬೀದರಿನ ಶಾಲೆಗೂ ನ್ಯಾಲಕಲ್ಲಿನ ಶಾಲೆಗೂ ಇರುವ ವ್ಯತ್ಯಾಸ ಲಿಪಿಯದ್ದೋ, ಶಿಕ್ಷಕರ ಸಂಖ್ಯೆಯದ್ದೋ? ಈ ಕೊನೆಯ ಪ್ರಶ್ನೆಗೆ ಸಿದ್ಧಳಾಗಿ ಹೋದ ಹುಡುಗಿಯನ್ನು ಯಾವ ಮಂಡಳಿಯೂ ಹಗುರವಾಗಿ ಕಾಣದು. ನಿರೀಕ್ಷೆಗೆ ವಿರುದ್ಧವಾದ ಫಲಿತಾಂಶ ಬಂದರೆ ಏನು ಮಾಡುವಿರಿ ಎಂದೂ ಕೇಳುತ್ತಾರೆ. ಹಾಗೆಯೇ ಬರೆಯುವೆನು ಎಂಬುದೇ ಸರಿಯಾದ ಉತ್ತರ.

ಇಂಗ್ಲಿಷಿನ ಭಯ ನಿಜವಾದುದು, ಅದನ್ನು ಸುಳ್ಳೆನ್ನಲಾಗದು. ಆದರೆ ಬಾಯಿಪಾಠದ ಇಂಗ್ಲಿಷ್ ಎರಡನೆಯ ಪ್ರಶ್ನೆಗೇ ಸಿಕ್ಕಿಬೀಳುತ್ತದೆ. ಪ್ರಸ್ತಾವವನ್ನು ಮೊದಲು ಮನೆಯಲ್ಲಿ ಅಜ್ಜಿಗೋ ದೊಡ್ಡಪ್ಪನಿಗೋ ಕನ್ನಡದಲ್ಲಿ ಐದು ನಿಮಿಷದಲ್ಲಿ ಹೇಳಬೇಕು. ಅವರು "ಅದರಿಂದ ಏನು ಗೊತ್ತಾಗತದ?" ಎಂದು ಕೇಳುವ ಜಾಗದಲ್ಲೇ ಪ್ರಸ್ತಾವ ಸೊರಗಿದೆ ಎಂದು ತಿಳಿಯಬೇಕು. ಅದನ್ನು ಸರಿಪಡಿಸಿದ ಮೇಲೆ ಅದೇ ಮಾತನ್ನು ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಅಭ್ಯಾಸ ಮಾಡಬೇಕು. ಪ್ರಶ್ನೆ ಅರ್ಥವಾಗದಿದ್ದರೆ ಮತ್ತೊಮ್ಮೆ ಕೇಳುವಂತೆ ವಿನಂತಿಸುವುದು ಅವಮಾನವಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನುವುದೂ ಅಲ್ಲ. ಕನ್ನಡ ಮಾಧ್ಯಮದಲ್ಲಿ ಏಕೆ ಓದಿದಿರಿ ಎಂದು ಯಾರಾದರೂ ಕೇಳಿದರೆ ಸಮಜಾಯಿಷಿ ಕೊಡುತ್ತ ಕೂರಬಾರದು. ಅಲ್ಲಿಂದಲೇ ವಿಷಯಕ್ಕೆ ಬರಬೇಕು. ಕನ್ನಡದ ಮಕ್ಕಳನ್ನು ಕನ್ನಡದಲ್ಲಿ ಪರೀಕ್ಷಿಸಬಲ್ಲ, ತೆಲುಗಿನಲ್ಲಿ ಶಿಕ್ಷಕರೊಡನೆ, ದಖನಿಯಲ್ಲಿ ಪಾಲಕರೊಡನೆ ಮಾತಾಡಬಲ್ಲ ಸಂಶೋಧಕಿ ಎಲ್ಲ ವಿಭಾಗಗಳಲ್ಲೂ ಸಿಗುವುದಿಲ್ಲ.

ಮೀಸಲಾತಿಯ ವಿಷಯದಲ್ಲಿ ಗಡಿ ನಮಗೆ ಕಠೋರವಾಗಿದೆ. ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ತೆಲಂಗಾಣದ ಜಾತಿ ಪ್ರಮಾಣಪತ್ರಕ್ಕೆ ಮೀಸಲು ಸ್ಥಾನ ದೊರೆಯದು. ನಮ್ಮ ಮಕ್ಕಳು ಸಾಮಾನ್ಯ ವರ್ಗದಲ್ಲೇ ಸ್ಪರ್ಧಿಸಬೇಕು. ಕಲ್ಯಾಣ ಕರ್ನಾಟಕಕ್ಕೆ ದೊರೆತ 371(ಜೆ) ಸೌಲಭ್ಯವೂ, ಅಜ್ಜನ ತಾಲೂಕು ಒಂದು ಕಾಲಕ್ಕೆ ಬೀದರಕ್ಕೆ ಸೇರಿತ್ತೆಂಬ ಕಾರಣಕ್ಕೆ ಮೊಮ್ಮಗಳಿಗೆ ಬರುವುದಿಲ್ಲ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಹಾಗಲ್ಲ: ಹೈದರಾಬಾದ್ ಆಗಲಿ ಕಡಗಂಚಿಯಾಗಲಿ ಪರಿಶಿಷ್ಟರ ಪ್ರಮಾಣಪತ್ರ ನಡೆಯುತ್ತದೆ. ಹಿಂದುಳಿದ ವರ್ಗದವರು ಮಾತ್ರ ಎಚ್ಚರ ವಹಿಸಬೇಕು. ರಾಜ್ಯದ ಬಿ.ಸಿ. ಪಟ್ಟಿಯೂ ಕೇಂದ್ರದ ಒ.ಬಿ.ಸಿ. ಪಟ್ಟಿಯೂ ಒಂದೇ ಅಲ್ಲ. ಕೇಂದ್ರದ ನಮೂನೆಯ, ಕೆನೆಪದರಕ್ಕೆ ಸೇರಿಲ್ಲವೆಂಬ ಪ್ರಮಾಣಪತ್ರವನ್ನು ಮೀಸೇವಾದಲ್ಲಿ ಮುಂಚಿತವಾಗಿ ಅರ್ಜಿ ಹಾಕಿ ತಹಶೀಲ್ದಾರರಿಂದ ಪಡೆದಿರಬೇಕು.

ಹಣದ ಮಾತು: ಜೆ.ಆರ್.ಎಫ್. ದೊರೆತರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಬಳಿಕ 42,000. ಅದು ಇಲ್ಲದವರಿಗೆ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ 8,000. ಈ ಅಂತರ ಎಷ್ಟೋ ಮನೆಗಳ ನಿರ್ಧಾರವನ್ನೇ ಬದಲಿಸುತ್ತದೆ. ನೆಟ್ ವರ್ಷಕ್ಕೆರಡು ಬಾರಿ ನಡೆಯುವುದರಿಂದ ಇನ್ನೊಂದು ಪ್ರಯತ್ನಕ್ಕೆ ಆರು ತಿಂಗಳು ಕಾಯುವುದು ನಷ್ಟವಲ್ಲ. ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮರುನೋಂದಣಿಯಿಂದ ಇನ್ನೆರಡು, ಮಹಿಳೆಯರಿಗೆ ಅದರ ಮೇಲೆ ಮತ್ತೆರಡು ವರ್ಷ ಸಿಗಬಹುದು. ಹೆರಿಗೆ ರಜೆ 240 ದಿನಗಳವರೆಗೆ ಉಂಟು. ಮದುವೆಯ ಮಾತುಕತೆ ನಡೆದಿರುವ ಮನೆಗಳಲ್ಲಿ ಬೀಗರಿಗೂ ಇದನ್ನು ತಿಳಿಸಿ ಹೇಳಬೇಕು.

ಕೊನೆಗೆ ಹೆಸರಿನ ತೊಡಕು. ತೆಲಂಗಾಣದ ಕಾಗದಗಳಲ್ಲಿ ಮನೆತನದ ಹೆಸರು ಮೊದಲು, ಕರ್ನಾಟಕದಲ್ಲಿ ಕೊನೆಗೆ. ಹತ್ತನೆಯ ತರಗತಿಯ ಮೆಮೊದಲ್ಲಿ ಒಂದು ಬಗೆ, ಆಧಾರದಲ್ಲಿ ಇನ್ನೊಂದು ಬಗೆ ಇದ್ದರೆ ನೆಟ್ ಅರ್ಜಿಗೆ ಮೊದಲೇ, ಮೆಮೊದಲ್ಲಿರುವಂತೆ ಆಧಾರವನ್ನು ತಿದ್ದಿಸಿಕೊಳ್ಳಬೇಕು. ಸಂದರ್ಶನದ ದಿನ ಮೂಲ ಪ್ರಮಾಣಪತ್ರಗಳು, ಪ್ರಸ್ತಾವದ ನಾಲ್ಕೈದು ಪ್ರತಿಗಳು ಕೈಯಲ್ಲಿರಲಿ. ಹೈದರಾಬಾದ್ ವಿಶ್ವವಿದ್ಯಾಲಯಕ್ಕೆ ತಾಂಡೂರಿನವರು ರೈಲಿನಲ್ಲಿ ಲಿಂಗಂಪಲ್ಲಿಗೆ ಇಳಿದರೆ ಹತ್ತಿರ. ಜಹೀರಾಬಾದ್, ನಾರಾಯಣಖೇಡದವರು ಮುಂಬಯಿ ಹೆದ್ದಾರಿಯ ಬಸ್ಸನ್ನು ನಂಬುವುದಾದರೆ ಹಿಂದಿನ ದಿನವೇ ಹೋಗಿ ಬಂಧುಗಳ ಮನೆಯಲ್ಲಿ ಉಳಿಯುವುದು ಒಳ್ಳೆಯದು.