ಜೇನಿಗೆ ಕಹಿ ಬೆರೆಸುವವರು

ಹಾಗಲಕಾಯಿ ಗೊಜ್ಜಿಗೆ ಬೆಲ್ಲ ಹಾಕುವ ನಮಗೆ ಸಿಹಿಯಿಂದ ಕಹಿಯನ್ನು ಪಳಗಿಸುವುದು ಗೊತ್ತು. ಇಥಿಯೋಪಿಯಾದ ಹೆಂಗಸರದು ಇದಕ್ಕೆ ತಿರುವುಮುರುವು. ಚಿನ್ನದಂಥ ಜೇನುತುಪ್ಪಕ್ಕೆ ಬೇಕೆಂದೇ ಕಹಿ ಕಡ್ಡಿ ಹಾಕಿ ಹುಳಿ ಬರಿಸುತ್ತಾರೆ. ಹಾಗೆ ಸಿದ್ಧವಾಗುವುದೇ ‘ತೆಜ್’, ಅಲ್ಲಿನ ಮನೆಮನೆಯ ಜೇನಿನ ಮದ್ಯ. ‘ಮಧು’ ಎಂದರೆ ಜೇನೂ ಹೌದು, ಮದ್ಯವೂ ಹೌದು ಎನ್ನುತ್ತವೆ ನಮ್ಮ ನಿಘಂಟುಗಳು; ಇಂಗ್ಲಿಷಿನ ‘ಮೀಡ್’ ಕೂಡ ಅದೇ ಬೇರಿನ ಪದ. ನಮ್ಮಲ್ಲಿ ನಿಘಂಟಿಗೆ ಸರಿದ ಈ ನಂಟು ಅಲ್ಲಿ ಇನ್ನೂ ಅಡುಗೆಮನೆಯಲ್ಲಿದೆ.

ಆ ಕಹಿ ಕಡ್ಡಿಯ ಹೆಸರು ಗೆಶೊ. ನಮ್ಮ ಬೋರೆಹಣ್ಣಿನ ಕುಟುಂಬಕ್ಕೇ ಸೇರಿದ ಪೊದೆ. ಎಲೆ ಬಹುಮಟ್ಟಿಗೆ ‘ತೆಲ್ಲಾ’ ಎಂಬ ಧಾನ್ಯದ ಬಿಯರಿಗೆ, ಕಡ್ಡಿ ತೆಜ್‌ಗೆ. ರುಚಿಗಷ್ಟೇ ಹಾಕುವುದಲ್ಲ ಇದು. ಬಿಯರಿನಲ್ಲಿ ಹಾಪ್ಸ್ ಎಂಬ ಕಹಿ ಹೂ ಮಾಡುವ ಕೆಲಸವನ್ನು ಇಲ್ಲಿ ಗೆಶೊ ಮಾಡುತ್ತದೆ: ಬೇಡದ ಸೂಕ್ಷ್ಮಜೀವಿಗಳನ್ನು ತಡೆದು, ಜೇನಿನ ಮಂದ ಸಿಹಿಗೆ ಒಂದು ಬೆನ್ನೆಲುಬು ಕೊಡುತ್ತದೆ.

ಮಡಕೆಯಿಂದಲೇ ಕೆಲಸ ಶುರು. ತೊಳೆದು ಒಣಗಿಸಿದ ಮಡಕೆಯನ್ನು ಕಾಡು ಆಲಿವ್ ಕಟ್ಟಿಗೆಯ ಹೊಗೆಯ ಮೇಲೆ ಬೋರಲು ಹಾಕುತ್ತಾರೆ. ಮಡಕೆಯೂ ಶುದ್ಧ, ಕುಡಿಯುವಾಗ ಹೊಗೆಯ ಕಂಪಿನ ಒಂದೆಳೆಯೂ ಉಳಿಯುತ್ತದೆ. ಆಮೇಲೆ ಒಂದು ಪಾಲು ಜೇನಿಗೆ ಮೂರೋ ನಾಲ್ಕೋ ಪಾಲು ನೀರು. ಸೋಸಿ ಬಾಟಲಿಗೆ ತುಂಬಿದ ಜೇನಲ್ಲ, ಮೇಣದ ಚೂರುಗಳು ಇನ್ನೂ ತೇಲುವ ಹಸಿ ಜೇನು. ಬಾಯಿಗೆ ಬಟ್ಟೆ ಕಟ್ಟಿ ಎರಡು ಮೂರು ದಿನ ಬಿಟ್ಟರೆ ಸಣ್ಣಗೆ ಗುಳ್ಳೆ ಏಳುತ್ತದೆ. ಮೇಲೆ ಬಂದ ಮೇಣವನ್ನು ತೆಗೆದಿಡುತ್ತಾರೆ. ಜೇನುಮೇಣಕ್ಕೆ ಬೆಲೆಯಿದೆ, ಚರ್ಚಿನ ಮೊಂಬತ್ತಿಗೆ ಬೇಕಾದದ್ದು ಅದೇ. ಆಗ ಗೆಶೊ ಸರದಿ. ಸಿಗಿದ ಕಡ್ಡಿಗಳನ್ನು ಅದೇ ಜೇನುನೀರಿನ ಒಂದಿಷ್ಟರಲ್ಲಿ ಕುದಿಸಿ, ಆರಿಸಿ, ಮತ್ತೆ ಮಡಕೆಗೆ ಸುರಿಯುತ್ತಾರೆ. ಹೊರಗಿನಿಂದ ಯೀಸ್ಟ್ ಹಾಕುವ ಪದ್ಧತಿಯಿಲ್ಲ. ಜೇನಿನಲ್ಲಿ, ಮಡಕೆಯ ಗೋಡೆಯಲ್ಲಿ ಇದ್ದದ್ದೇ ಸಾಕು. ಸೆಕೆಯ ಊರಾದರೆ ಐದಾರು ದಿನ, ಎತ್ತರದ ಚಳಿ ಪ್ರದೇಶವಾದರೆ ಎರಡು ಮೂರು ವಾರ. ನಡುನಡುವೆ ಕೈಯಾಡಿಸಿ, ಕೊನೆಗೆ ಬಟ್ಟೆಯಲ್ಲಿ ಸೋಸಿದರೆ ಮುಗಿಯಿತು. ಬೇಕಾದವರು ಶುಂಠಿ, ಮಸಾಲೆಯನ್ನೂ ಹಾಕುತ್ತಾರೆ. ನನ್ನನ್ನು ಕೇಳಿದರೆ, ಗೆಶೊ ಇದ್ದ ಮೇಲೆ ಅವೆಲ್ಲ ಹೆಚ್ಚಿನದೇ.

ಪೂರ್ತಿ ಹುಳಿಯುವ ಮೊದಲೇ ಕುಡಿದರೆ ಅದು ‘ಬಿರ್ಜ್’. ಮಕ್ಕಳಿಗೂ ಮದ್ಯ ಮುಟ್ಟದವರಿಗೂ ಸಲ್ಲುವ ಜೇನುಪಾನಕ.

ಒಂದು ಕಾಲಕ್ಕೆ ತೆಜ್ ಅರಮನೆಯ, ಶ್ರೀಮಂತರ ಸೊತ್ತು. ಜನಸಾಮಾನ್ಯರಿಗೆ ತೆಲ್ಲಾ. ಜೇನಿಗೂ ಅಲ್ಲಿನ ಸಿಂಹಾಸನಕ್ಕೂ ಕಥೆಗಳ ನಂಟು ಬೇರೆ: ಬಂಡೆ ಕೊರೆದ ಚರ್ಚುಗಳಿಗೆ ಹೆಸರಾದ ಲಾಲಿಬೆಲಾ ಊರಿನ ಹೆಸರು ಬಂದದ್ದು ರಾಜನೊಬ್ಬನಿಂದ. ಅವನು ಹುಟ್ಟಿದಾಗ ಜೇನುಹಿಂಡು ಸುತ್ತುವರಿಯಿತಂತೆ, ಅವನೇ ದೊರೆಯೆಂದು ಜೇನುಹುಳುಗಳು ಗುರುತಿಸಿದವಂತೆ. ಈಗಲೂ ಆಫ್ರಿಕಾದಲ್ಲಿ ಅತಿ ಹೆಚ್ಚು ಜೇನು ತೆಗೆಯುವ ದೇಶ ಇಥಿಯೋಪಿಯಾ. ಮರದ ಕೊಂಬೆಗಳಲ್ಲಿ ಉರುಳೆಯಾಕಾರದ ಗೂಡುಗಳನ್ನು ತೂಗುಹಾಕಿ ಜೇನು ಸಾಕುವುದು ಅಲ್ಲಿ ಮಾಮೂಲು.

ತೆಜ್ ಮಾರುವ ಅಂಗಡಿಗೆ ‘ತೆಜ್ ಬೆತ್’, ಅಂದರೆ ತೆಜ್ ಮನೆ, ಎಂದು ಹೆಸರು. ಲೋಟವಿಲ್ಲ, ಗುಂಡು ಹೊಟ್ಟೆ, ಉದ್ದ ಕತ್ತಿನ ‘ಬೆರೆಲೆ’ ಎಂಬ ಗಾಜಿನ ಹೂಜಿಯಲ್ಲಿ ಕೊಡುತ್ತಾರೆ. ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯ ನೆನಪಾದೀತು. ಮಾರಾಟದ ಸರಕಿನಲ್ಲಿ ಜೇನಿನ ಜೊತೆ ಸಕ್ಕರೆ ಸೇರಿಸಿ, ಹಳದಿ ಬಣ್ಣ ಹಾಕುವವರೂ ಇದ್ದಾರೆ. ಮನೆಯ ತೆಜ್‌ಗೆ ಇರುವ ಮರ್ಯಾದೆ ಅದಕ್ಕಿಲ್ಲ.

ಆ ಕಡೆ ಹೋದಾಗ ಕುಡಿಯುವ ಮನಸ್ಸಾದರೆ ಮೊದಲ ಸಲಕ್ಕೆ ‘ಲೆಸ್ಲಸಾ’ ಕೇಳಿ, ಅದು ಮೆದು, ಸಿಹಿ. ‘ದೆರೆಕ್’ ಎಂದರೆ ಚೆನ್ನಾಗಿ ಹುಳಿತು ಗಡುಸಾದದ್ದು. ಜೇನಲ್ಲವೇ ಎಂದು ಗಟಗಟನೆ ಕುಡಿಯಬೇಡಿ. ಏಳಲು ಹೊರಟಾಗ ಕಾಲು ಮಾತು ಕೇಳದು.